ಮೈಸೂರಿನಲ್ಲಿ ಮನೆಗಳಿಗೆ ಬಿಗಿಯಾದ ಇಂಧನ ಉಳಿತಾಯ ನಿಯಮ ಬಂದರೆ ಕಟ್ಟುವ ಖರ್ಚು ಜಾಸ್ತಿಯಾಗುತ್ತದಾ?

ಅಮೆರಿಕದಲ್ಲಿ ಊರೂರಿನ ಆಡಳಿತಗಳೇ ಕಟ್ಟಡಗಳಿಗೆ ಬಿಗಿಯಾದ ಇಂಧನ ಉಳಿತಾಯ ನಿಯಮ ತರುತ್ತಿವೆ, ನಮ್ಮ ಪಾಲಿಕೆಯೂ ತಂದರೆ ಬೋಗಾದಿ ಕಡೆಯ ನಿಮ್ಮ 40-60 ಸೈಟಿನ ಮನೆಗೆ ಎಷ್ಟು ಹೊರೆ ಬೀಳುತ್ತದೆ ಎಂದು ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಮನೆ ಪ್ಲಾನ್ ಮಾಡಿಕೊಡುವ ಸಿವಿಲ್ ಎಂಜಿನಿಯರ್. ಈಗಿರುವ ಕೇಂದ್ರದ ಸಂಹಿತೆಗಳ ಪ್ರಕಾರ ನಿಮ್ಮ ಮನೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಖರ್ಚಿನ ಚಿಂತೆ ಬೇಡ. ಆದರೆ ಸೆಖೆಯ ಚಿಂತೆ ಮಾಡಿ.

ಯಾಕೆ ಬರುವುದಿಲ್ಲ ಅಂದರೆ, ವಾಸದ ಮನೆಗಳಿಗೆ ಅಂತ 2018ರಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 'ಎಕೋ ನಿವಾಸ್ ಸಂಹಿತಾ' ತಂದಿತು. ಅದು ಅನ್ವಯಿಸುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ನಿಮ್ಮ 40-60 ಅಂದರೆ 223 ಚದರ ಮೀಟರ್. 60-80 ಸೈಟು ಕೊಂಡವರೂ 446ಕ್ಕೇ ನಿಲ್ಲುತ್ತಾರೆ! ಅಂಗಡಿ, ಆಫೀಸು, ಆಸ್ಪತ್ರೆಯಂಥ ಕಟ್ಟಡಗಳಿಗೆ ಇನ್ನೊಂದು ಸಂಹಿತೆ ಇದೆ. ಅದು 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆಯಾಯಿತು. ಅದು ತಟ್ಟುವುದು 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಲೋಡ್ ಇರುವ ಕಟ್ಟಡಗಳಿಗೆ. ನಮ್ಮ ಸಾಮಾನ್ಯ ಮನೆಗಳು ಮೂರೋ ಐದೋ ಕಿಲೋವ್ಯಾಟ್ ಮಂಜೂರು ಮಾಡಿಸಿಕೊಳ್ಳುತ್ತವೆ. ಅಂದರೆ ಕುವೆಂಪುನಗರದಿಂದ ವಿಜಯನಗರ ನಾಲ್ಕನೇ ಹಂತದವರೆಗೆ ಬೀದಿ ಬೀದಿ ಸುತ್ತಿದರೂ ಈ ಸಂಹಿತೆಗಳಿಗೆ ಸಿಕ್ಕುವ ಮನೆ ಅಪರೂಪ.

ಪಾಲಿಕೆ ತಾನೇ ತರಬಹುದಾ ಎಂಬುದು ಬೇರೆ ಮಾತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯ ಸರ್ಕಾರವೇ ಮಾಮೂಲಿಗಿಂತ ಬಿಗಿಯಾದ ಒಂದು ಸಂಹಿತೆ ಬರೆದಿಟ್ಟಿದೆ. ಬೇಕಾದ ಊರು ಓಟು ಹಾಕಿ ಅದನ್ನು ಒಪ್ಪಿಕೊಳ್ಳುತ್ತದೆ. 2009ರಿಂದ ನಡೆಯುತ್ತಿರುವ ಏರ್ಪಾಡು ಅದು. ನಮ್ಮಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆ ಈ ಅಧಿಕಾರ ಕೊಟ್ಟಿರುವುದು ರಾಜ್ಯ ಸರ್ಕಾರಕ್ಕೆ. ಕೇಂದ್ರದ ಸಂಹಿತೆಯನ್ನು ನಮ್ಮ ಹವೆಗೆ ತಕ್ಕಂತೆ ಬದಲಿಸಿ ಅಧಿಸೂಚನೆ ಹೊರಡಿಸುವುದು ಬೆಂಗಳೂರಿನ ಕೆಲಸ. ಪಾಲಿಕೆ, ಮುಡಾ (ಈಗ ಎಂಡಿಎ ಅನ್ನಬೇಕಂತೆ) ಅದನ್ನು ಪ್ಲಾನ್ ಅಪ್ರೂವಲ್ ಹೊತ್ತಿಗೆ ನೋಡಬೇಕು. 2022ರ ತಿದ್ದುಪಡಿ ವಾಸದ ಕಟ್ಟಡಗಳನ್ನೂ ಕಾಯ್ದೆಯೊಳಗೆ ತಂದಿದೆ. ಆ 100 ಕಿಲೋವ್ಯಾಟ್ ಮಿತಿಯನ್ನು ರಾಜ್ಯಗಳು ಇಳಿಸಲೂಬಹುದು. ಮುಂದೆ ಯಾವತ್ತಾದರೂ ನಿಯಮ ನಿಮ್ಮಂಥವರ ಬಾಗಿಲಿಗೆ ಬಂದರೆ ಈ ದಾರಿಯಲ್ಲೇ ಬರಬೇಕು.

ಬಂದರೂ ಪ್ಲಾನ್ ಹಾಳೆಯಲ್ಲಿ ಬರೆದದ್ದೆಲ್ಲ ಗೋಡೆಗೆ ಇಳಿಯುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಅಪ್ರೂವಲ್‌ಗೆ ಕೊಡುವ ಪ್ಲಾನೇ ಬೇರೆ, ಮೇಸ್ತ್ರಿ ಕೈಗೆ ಕೊಡುವ ಪ್ಲಾನೇ ಬೇರೆ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಮೂರಡಿ ಬಿಡಬೇಕಾದ ಕಡೆ ಒಂದೂವರೆ ಅಡಿ ಬಿಟ್ಟ ಮನೆಗಳ ನಡುವೆ ನಿಂತು ಗೋಡೆಯ ಶಾಖ ನಿರೋಧದ ಲೆಕ್ಕ ಯಾರು ಕೇಳುತ್ತಾರೆ?

ಹಾಗಂತ ನಮ್ಮ ರಾಜ್ಯದಲ್ಲಿ ಇಂಥ ನಿಯಮ ಗೆದ್ದೇ ಇಲ್ಲ ಅನ್ನುವಂತಿಲ್ಲ. ಸೋಲಾರ್ ವಾಟರ್ ಹೀಟರ್ ನೋಡಿ. 2007ರಲ್ಲಿ ಅದನ್ನು ಹೊಸ ಮನೆಗಳಿಗೆ ಕಡ್ಡಾಯ ಮಾಡಿದರು. ಸಾಮಾನ್ಯ 30-40 ಸೈಟಿನ ಮನೆಗೂ ಅದು ಬಂತು. ಇವತ್ತು ಸರಸ್ವತಿಪುರಂನ ಯಾವುದಾದರೂ ತಾರಸಿ ಹತ್ತಿ ಸುತ್ತ ನೋಡಿ, ಟ್ಯಾಂಕಿನ ಪಕ್ಕ ಒಂದು ಪ್ಯಾನಲ್ ಇದ್ದೇ ಇರುತ್ತದೆ. ಮೈಸೂರಿನವರಿಗೆ ಪರಿಸರದ ಮೇಲೆ ದಿಢೀರ್ ಪ್ರೀತಿ ಉಕ್ಕಿದ್ದಕ್ಕಲ್ಲ. ಸೋಲಾರ್ ಇಲ್ಲದಿದ್ದರೆ ಕರೆಂಟ್ ಕನೆಕ್ಷನ್ ಇಲ್ಲ ಅಂದಿದ್ದಕ್ಕೆ. ಮೀಟರ್ ಹಾಕಲು ಬಂದವರು ತಾರಸಿ ಕಡೆ ತಲೆ ಎತ್ತಿ ನೋಡಿದರೆ ಸಾಕು, ಇದೆಯೋ ಇಲ್ಲವೋ ತಿಳಿಯುತ್ತದೆ. ಲೆಕ್ಕ ಇಲ್ಲ, ಸರ್ಟಿಫಿಕೇಟು ಇಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಓಸಿ (ಕಟ್ಟಡ ವಾಸಕ್ಕೆ ಸಿದ್ಧ ಅಂತ ಪಾಲಿಕೆ ಕೊಡುವ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂದ ಮೇಲೆ ಎಷ್ಟು ಗಲಾಟೆಯಾಯಿತು ನೆನಪಿದೆಯಲ್ವಾ? ಆಮೇಲೆ ಚಿಕ್ಕ ಸೈಟಿನವರಿಗೆ ಸಡಿಲಿಸಿದರು. ಜನ ಬಗ್ಗುವುದು ಮೀಟರಿಗೆ, ಪ್ಲಾನಿಗಲ್ಲ.

ಆದ್ದರಿಂದ ನನ್ನನ್ನು ಕೇಳಿದರೆ ಮೈಸೂರಿಗೆ ದಪ್ಪ ಪುಸ್ತಕದ ಸಂಹಿತೆ ಬೇಡ. ಒಂದೇ ನಿಯಮ ಸಾಕು, ಅದೂ ತಾರಸಿಗೆ. ತಾರಸಿಯ ಮೇಲೆ ಶಾಖ ತಡೆಯುವ ಪದರ ಇಲ್ಲದಿದ್ದರೆ ನಮ್ಮ ಕರೆಂಟ್ ಕಂಪನಿ ಸೆಸ್ಕ್‌ನಿಂದ ಕನೆಕ್ಷನ್ ಇಲ್ಲ ಅನ್ನಲಿ.

ತಾರಸಿಯೇ ಯಾಕೆ? ಬೆಂಗಳೂರನ್ನು ಸಂಹಿತೆ ಸೌಮ್ಯ ಹವೆಯ ಊರು ಅಂತ ಗುರುತಿಸುತ್ತದೆ. ಮೈಸೂರಿನ ಹವೆಯೂ ಹೆಚ್ಚುಕಡಿಮೆ ಅಂಥದ್ದೇ. ಇಲ್ಲಿ ಹೊರಗಿನ ಗಾಳಿ ಮಹಾ ಬಿಸಿಯೇನಲ್ಲ. ಕಷ್ಟ ಕೊಡುವುದು ನೆತ್ತಿಯ ಬಿಸಿಲು. ಏಪ್ರಿಲ್‌ನಲ್ಲಿ ಸಂಜೆ ಆರಕ್ಕೆಲ್ಲ ಹೊರಗೆ ತಂಗಾಳಿ ಶುರುವಾಗಿರುತ್ತದೆ. ಮೇಲಿನ ಮಹಡಿಯಲ್ಲಿ ಮಲಗಿದವರಿಗೆ ಮಾತ್ರ ರಾತ್ರಿ ಹನ್ನೊಂದಾದರೂ ಫ್ಯಾನು ಬಿಸಿಗಾಳಿಯನ್ನೇ ಎರಚುತ್ತದೆ. ಸ್ಟೂಲು ಹತ್ತಿ ಸೀಲಿಂಗ್ ಮುಟ್ಟಿ ನೋಡಿ, ಆಗತಾನೇ ಒಲೆಯಿಂದ ಇಳಿಸಿದ ಕಾವಲಿ ಥರ ಇರುತ್ತದೆ. ಆರು ಇಂಚಿನ ಬರೀ ಮೋಲ್ಡ್ ಹಗಲಿಡೀ ಹೀರಿದ ಶಾಖವನ್ನು ರಾತ್ರಿ ಕೆಳಗೆ ಬಿಡುತ್ತದೆ. ಎಕೋ ನಿವಾಸ್ ಸಂಹಿತೆ ತಾರಸಿಗೆ ಇಟ್ಟಿರುವ ಮಿತಿ 1.2. ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಲ್ಲಿ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬ ಅಳತೆ ಅದು. ನಮ್ಮ ಬರೀ ಮೋಲ್ಡ್ ಮೂರರ ಮೇಲೇ ಇರುತ್ತದೆ. ಮೇಲೆ ಒಂದು ಇಂಚು ಎಕ್ಸ್‌ಪಿಎಸ್ ಹಲಗೆ (ಥರ್ಮಾಕೋಲ್ ಥರದ್ದೇ, ಆದರೆ ಗಟ್ಟಿ) ಹಾಸಿ, ಅದರ ಮೇಲೆ ಗಾರೆ ಹಾಕಿ, ಬಿಳಿ ಟೈಲ್ಸ್ ಕೂರಿಸಿದರೆ ಮಿತಿಯೊಳಗೆ ಬಂದುಬಿಡುತ್ತದೆ. ಹಳೆಯ ಅಗ್ರಹಾರದ ಮನೆಗಳ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ್ದು) ದಪ್ಪಗಿತ್ತು, ಎತ್ತರದಲ್ಲೂ ಇತ್ತು. ಅದನ್ನು ಕೆಡವಿ ತೆಳ್ಳಗಿನ ಮೋಲ್ಡ್ ಹಾಕಿದೆವು. ಈಗ ಎಸಿ ಕೊಳ್ಳುತ್ತಿದ್ದೇವೆ.

ಇನ್ನು ವಾಸ್ತು. ಜಗಳಕ್ಕೆ ಬರಬೇಡಿ, ನಾನೂ ಪ್ಲಾನ್ ಮಾಡುವಾಗ ವಾಸ್ತು ನೋಡಿಯೇ ಮಾಡುತ್ತೇನೆ, ಇಲ್ಲದಿದ್ದರೆ ಗಿರಾಕಿಗಳೇ ಬರುವುದಿಲ್ಲ. ಆದರೆ ಮನೆ ಯಜಮಾನನ ಕೋಣೆ ನೈರುತ್ಯದಲ್ಲಿರಬೇಕು ಅಂತೀವಲ್ಲ, ಮಧ್ಯಾಹ್ನದ ಬಿಸಿಲಿಗೆ ಹೆಚ್ಚು ಬೇಯುವ ಮೂಲೆ ಅದೇ. ಹಾಗಿದ್ದರೂ ಆ ಕೋಣೆಯ ಪಶ್ಚಿಮದ ಗೋಡೆಗೆ ದೊಡ್ಡ ಗಾಜಿನ ಕಿಟಕಿ ಇಡಿಸುತ್ತಾರೆ, ಎಲಿವೇಶನ್ ಚೆನ್ನಾಗಿ ಕಾಣಲಿ ಅಂತ ಸಜ್ಜೆಯನ್ನೂ ತೆಗೆಸುತ್ತಾರೆ. ನಮ್ಮಂಥ ಹವೆಯಲ್ಲಿ ಗೋಡೆಯ ಇಟ್ಟಿಗೆ ಯಾವುದು ಎಂಬುದಕ್ಕಿಂತ ಕಿಟಕಿಗೆ ನೇರ ಬಿಸಿಲು ಬೀಳುತ್ತದಾ ಎಂಬುದೇ ಮುಖ್ಯ. ಕೋಣೆ ಅಲ್ಲೇ ಇರಲಿ. ಪಶ್ಚಿಮದ ಗೋಡೆಗೆ ವಾರ್ಡ್‌ರೋಬ್ ಬರಲಿ, ಕಿಟಕಿ ದಕ್ಷಿಣಕ್ಕೆ ಹೋಗಲಿ, ಮೇಲೆ ಎರಡಡಿ ಸಜ್ಜೆ ಇರಲಿ. ನೈರುತ್ಯವೂ ಉಳಿಯಿತು, ನಿದ್ದೆಯೂ ಉಳಿಯಿತು.

ಖರ್ಚಿನ ವಿಷಯ. ವಾರ್ಡ್‌ರೋಬ್ ಜಾಗ ಬದಲಿಸಲು ದುಡ್ಡು ಬೇಡ. ಸಜ್ಜೆಗೆ ಬೇಕಾಗುವುದು ಒಂದಿಷ್ಟು ಕಬ್ಬಿಣ, ಕಾಂಕ್ರೀಟು. ಗೋಡೆಗೆ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕ್) ಹಾಕಿಸುವುದು ನಿಮ್ಮಿಷ್ಟ, ಒಳ್ಳೆಯದೇ. ಆದರೆ ದುಡ್ಡು ಒಂದೇ ಕಡೆ ಹಾಕುವಷ್ಟಿದ್ದರೆ ಗೋಡೆ ಬಿಟ್ಟು ತಾರಸಿಗೆ ಹಾಕಿ. ಅದೂ ಆಗದಿದ್ದರೆ ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣವಾದರೂ ಬಳಿಸಿ. ತಾರಸಿಯ ಮೇಲೆ ತಗಡಿನ ಶೀಟು ಹೊದಿಸಿದರೂ ನೆರಳಾಗುತ್ತದೆ, ಆದರೆ ಶೀಟಿಗೂ ಅನುಮತಿ ಬೇಕು ಅಂತ ಆಮೇಲೆ ನೋಟಿಸು ಬಂದರೆ ನನ್ನನ್ನು ಬೈಯಬೇಡಿ.

ಇವಿಷ್ಟನ್ನು ಕಂಟ್ರಾಕ್ಟರ್ ಹತ್ತಿರ ಅಗ್ರಿಮೆಂಟ್ ಮಾಡಿಕೊಳ್ಳುವಾಗಲೇ ಬರೆಸಿಕೊಳ್ಳಿ. ಸಜ್ಜೆಯ ಕಂಬಿ ಲಿಂಟಲ್ ಹಾಕುವಾಗಲೇ ಬಿಡಬೇಕು. ತಾರಸಿಯ ಹಲಗೆಯ ದಪ್ಪ ಮೊದಲೇ ಗೊತ್ತಿದ್ದರೆ ಮೆಟ್ಟಿಲ ಕೋಣೆಯ ಹೊಸ್ತಿಲು ಎತ್ತರಿಸಿಕೊಳ್ಳಬಹುದು, ಇಲ್ಲದಿದ್ದರೆ ಮಳೆನೀರು ಒಳಗೆ ಬರುತ್ತದೆ. ರಸ್ತೆ ಯಾವ ದಿಕ್ಕಿಗಿದೆ ಅಂತ ನೀವು ಹೇಳಿಲ್ಲ. ಹೇಳಿದರೆ ಕಿಟಕಿಗಳ ಬಗ್ಗೆ ಇನ್ನೂ ಬಿಡಿಸಿ ಬರೆಯುತ್ತೇನೆ.