ಮೇಷ್ಟ್ರೇ, ಈ ಭಾನುವಾರ ಎಲ್ಲಿಗೆ?

(ತುಮಕೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಷ್ಟ್ರು, ಚಿತ್ರ ಪ್ರದರ್ಶನ ಮತ್ತು ನಾಟಕಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದಾರೆ.)

ಧಾರವಾಡದಿಂದ ತುಮಕೂರಿಗೆ ವರ್ಗವಾಗಿ ಬಂದು ಏಳು ತಿಂಗಳಾಯಿತು. ರಜೆ ಬಂದರೆ ಬೇಜಾರು. ಮೊಬೈಲಿನಲ್ಲಿ ಹುಡುಕಿದರೆ ಬರೀ ಬೆಂಗಳೂರಿನ ಕಾರ್ಯಕ್ರಮಗಳೇ ಬರುತ್ತವೆ. ಈ ಊರಲ್ಲಿ ಏನೂ ನಡೆಯುವುದಿಲ್ಲವೇ ಸರ್?
– ಬ್ಯಾಂಕ್ ನೌಕರ, ಬಟವಾಡಿ

ನಡೆಯುತ್ತದೆ ಸ್ವಾಮಿ, ಜಾಸ್ತಿಯೇ ನಡೆಯುತ್ತದೆ. ಆದರೆ ನಮ್ಮೂರಿನ ಕಾರ್ಯಕ್ರಮ ಮೊಬೈಲಿಗಿಂತ ಮೊದಲು ಗೇಟಿಗೆ ಬರುತ್ತದೆ. ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಮುಂದೆ ಹೋಗುವಾಗ ಗಾಡಿ ಸ್ವಲ್ಪ ನಿಧಾನ ಮಾಡಿ, ಕಟ್ಟಿರುವ ಫ್ಲೆಕ್ಸ್ ಓದಿ. ಅಮಾನಿಕೆರೆ ಕಡೆ ವಾಕಿಂಗ್ ಹೋದರೆ ಕನ್ನಡ ಭವನಕ್ಕೂ ಒಮ್ಮೆ ಇಣುಕಿ. ಬೆಳಿಗ್ಗೆ ಪೇಪರಿನಲ್ಲಿ ಜಿಲ್ಲೆಯ ಪುಟದ ಮೂಲೆಯಲ್ಲಿ ಇವತ್ತಿನ ಕಾರ್ಯಕ್ರಮಗಳ ಸಣ್ಣ ಪಟ್ಟಿ ಇರುತ್ತದೆ. ನಾನು ಕಾಫಿ ಜೊತೆ ಮೊದಲು ಓದುವುದು ಅದನ್ನೇ, ಆಮೇಲೆ ರಾಜಕೀಯ.

ಆಹ್ವಾನ ಪತ್ರಿಕೆ ಓದುವುದೂ ಒಂದು ವಿದ್ಯೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಎಲ್ಲ ಮುಗಿದ ಮೇಲೆ ಕೆಳಗೆಲ್ಲೋ ಚಿತ್ರ ಬರೆದವರ ಹೆಸರು ಇರುತ್ತದೆ. ಸಂಜೆ 5.30 ಎಂದು ಹಾಕಿದ್ದರೆ ಆರೂವರೆ ಎಂದು ಓದಿಕೊಳ್ಳಿ.

ಚಿತ್ರ ಪ್ರದರ್ಶನಕ್ಕೆ ಉದ್ಘಾಟನೆಯ ದಿನ ಹೋಗಬೇಡಿ. ಅವತ್ತು ಎಲ್ಲರೂ ಅತಿಥಿಗಳನ್ನು ನೋಡುತ್ತಾರೆ, ಚಿತ್ರ ನೋಡುವವರು ಇರುವುದಿಲ್ಲ. ಕೊನೆಯ ದಿನವೂ ಬೇಡ. ಒಂದು ಸಲ ಸಂಜೆ ಏಳರವರೆಗೆ ಎಂದು ಬರೆದಿದ್ದನ್ನು ನಂಬಿ ಐದಕ್ಕೆ ಹೋಗಿದ್ದೆ. ಫ್ರೇಮುಗಳನ್ನೆಲ್ಲ ಇಳಿಸಿ ಹಳೇ ಬೆಡ್‌ಶೀಟಿನಲ್ಲಿ ಸುತ್ತುತ್ತಿದ್ದರು. ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿತ್ತು. ಎರಡನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಕಲಾವಿದರು ಅಭಿಪ್ರಾಯದ ಪುಸ್ತಕ ಮುಂದಿಟ್ಟುಕೊಂಡು ಒಬ್ಬರೇ ಕೂತಿರುತ್ತಾರೆ. ನೀವು ಒಳಗೆ ಕಾಲಿಟ್ಟರೆ ಸಾಕು, ಎದ್ದು ಬರುತ್ತಾರೆ.

ಎದ್ದು ಬರುತ್ತಾರೆ ಎನ್ನುವುದೇ ನನಗೆ ಭಯ! ಚಿತ್ರ ನೋಡಲು ಇಷ್ಟ. ಆದರೆ ಏನು ಮಾತಾಡಬೇಕೋ ಗೊತ್ತಾಗುವುದಿಲ್ಲ. ಕೊಳ್ಳದೆ ಬಂದರೆ ಬೇಜಾರು ಮಾಡಿಕೊಳ್ಳುತ್ತಾರಾ? (ಮೇಲಿನ ಮಾತನ್ನು ಹಿಂದೊಮ್ಮೆ ಇಲ್ಲೇ ಬರೆದಿದ್ದೆ. ಅದಕ್ಕೆ ಬಂದ ಪತ್ರ ಇದು. – ಮೇಷ್ಟ್ರು)
– ಗೃಹಿಣಿ, ಎಸ್.ಎಸ್. ಪುರಂ

ಅಯ್ಯೋ, ಅವರಿಗೂ ನಿಮ್ಮಷ್ಟೇ ಭಯ ತಾಯಿ. ‘ಇದರ ಅರ್ಥ ಏನು’ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಅವರೂ ಕಷ್ಟಕ್ಕೆ ಬೀಳುತ್ತಾರೆ, ನೀವೂ ಬೀಳುತ್ತೀರಿ. ಹೇಗೆ ಮಾಡಿದಿರಿ ಎಂದು ಕೇಳಿ. ಯಾವ ಕಾಗದ, ಎಷ್ಟು ದಿನ ಹಿಡಿಯಿತು, ಅಲ್ಲೇ ಕೂತು ಬರೆದಿರಾ, ಫೋಟೊ ನೋಡಿ ಬರೆದಿರಾ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಂದರಗಿರಿ ಬೆಟ್ಟವನ್ನು ಜಲವರ್ಣದಲ್ಲಿ ಬರೆದು ಪ್ರದರ್ಶನಕ್ಕೆ ಇಟ್ಟಿದ್ದ. ಬಂಡೆಯ ನೆತ್ತಿಯ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುವ ಹಾಗಿತ್ತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ‘ಈ ಬಿಳಿ ಬಣ್ಣ ಯಾವ ಕಂಪನಿದು?’ ಎಂದರು. ಅವನು ನಕ್ಕು, ‘ಅಲ್ಲಿ ಬಣ್ಣವೇ ಹಚ್ಚಿಲ್ಲ ಅಮ್ಮ, ಕಾಗದ ಹಂಗೇ ಬಿಟ್ಟಿದೀನಿ’ ಎಂದ. ಅವರು ಕನ್ನಡಕ ಮೇಲೆ ಸರಿಸಿ ಬಗ್ಗಿ ನೋಡಿದರು. ಸುತ್ತಲೂ ತೆಳು ನೀಲಿ, ಸ್ವಲ್ಪ ಕಂದು. ನಡುವೆ ಬೆರಳಗಲ ಬರೀ ಕಾಗದ. ಜಲವರ್ಣದಲ್ಲಿ ಬೆಳಕು ಬೇಕಾದ ಕಡೆ ಕುಂಚ ಹಿಡಿದ ಕೈಯನ್ನು ತಡೆದುಕೊಳ್ಳಬೇಕು. ಅದನ್ನು ನಾನು ಎಷ್ಟು ಬ್ಯಾಚಿಗೆ ಹೇಳಿದ್ದೇನೋ, ಆ ಹೆಂಗಸಿಗೆ ಅರ್ಧ ನಿಮಿಷದಲ್ಲಿ ಗೊತ್ತಾಯಿತು.

ಕೊಳ್ಳುವುದು ನಿಮ್ಮಿಷ್ಟ. ಚಿತ್ರದ ಕೆಳಗೆ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟವಾಗಿದೆ ಎಂದು ಅರ್ಥ. ಕೊಳ್ಳದಿದ್ದರೆ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ‘ತುಂಬಾ ಚೆನ್ನಾಗಿದೆ’ ಬೇಡ, ಯಾವ ಚಿತ್ರದಲ್ಲಿ ಯಾವ ಮೂಲೆ ಇಷ್ಟವಾಯಿತು ಅಂತ ಬರೆಯಿರಿ. ಮನೆಗೆ ಹೋದ ಮೇಲೆ ಅವರು ಮತ್ತೆ ತೆಗೆದು ಓದುವುದು ಅಂಥದ್ದನ್ನು.

ಅತ್ತೆಗೆ ಪೌರಾಣಿಕ ನಾಟಕ ನೋಡುವ ಆಸೆ. ಎಂಟು ವರ್ಷದ ಮಗನನ್ನೂ ಕರೆದುಕೊಂಡು ಹೋಗಬಹುದಾ? ಟಿಕೆಟ್ ಎಷ್ಟಿರುತ್ತದೆ?
– ಶಿಕ್ಷಕಿ, ಕ್ಯಾತ್ಸಂದ್ರ

ಖಂಡಿತ ಹೋಗಿ. ನಮ್ಮ ಜಿಲ್ಲೆಗೆ ಬಂದು ‘ಕುರುಕ್ಷೇತ್ರ’ ನೋಡದಿದ್ದರೆ ಹೇಗೆ! ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಇಲ್ಲಿ ದುಡ್ಡು ಕೊಡುವವರು ನೋಡುವವರಲ್ಲ, ಪಾತ್ರ ಮಾಡುವವರು. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರು ಎಲ್ಲದರ ಖರ್ಚು ಪಾತ್ರಗಳ ಮೇಲೆ ಬೀಳುತ್ತದೆ. ದುರ್ಯೋಧನ, ಕೃಷ್ಣ ಆದರೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಡಿಮೆ. ಆಸೆ ಪಡುವವರು ಹೆಚ್ಚಾದರೆ ಒಂದೇ ಪಾತ್ರವನ್ನು ಇಬ್ಬರು ಮೂವರಿಗೆ ಹಂಚುತ್ತಾರೆ. ನನ್ನ ಮೊಮ್ಮಗ ನಡುರಾತ್ರಿ ಎದ್ದು, ‘ತಾತ, ಕೃಷ್ಣ ಯಾಕೆ ದಪ್ಪ ಆಗ್ಬಿಟ್ಟ?’ ಎಂದು ಕೇಳಿದ್ದ. ಅರ್ಜುನನ ಕೈಯಲ್ಲಿ ವಾಚು ಕಂಡರೂ ನಗಬೇಡಿ. ಹಗಲು ಅಡಿಕೆ ಮಂಡಿಯಲ್ಲೋ ಹೊಲದಲ್ಲೋ ದುಡಿದು, ಸಂಜೆ ಹೊತ್ತು ತಿಂಗಳುಗಟ್ಟಲೆ ಕಂದಪದ್ಯ ಕಲಿತು ಬಂದವರು ಅವರು.

ಗುಬ್ಬಿ ಇಲ್ಲಿಂದ ಇಪ್ಪತ್ತು ಕಿಲೋಮೀಟರ್. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಅದನ್ನು ಬೆಳೆಸಿದ ವೀರಣ್ಣನವರು ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಯನ್ನೇ ರಂಗಕ್ಕೆ ತಂದವರು. ಆ ಹುಚ್ಚು ಈ ಮಣ್ಣಿನಿಂದ ಇನ್ನೂ ಹೋಗಿಲ್ಲ.

ಊರಿನ ಬಯಲಲ್ಲಿ ಆಡಿದರೆ ಬೆಳಗಿನ ಜಾವದವರೆಗೆ ನಡೆಯುತ್ತದೆ. ಒಂದು ಜಮಖಾನ, ಅತ್ತೆಗೆ ಶಾಲು, ಹುಡುಗನಿಗೆ ಪುರಿ-ಕಡಲೆಕಾಯಿ ಇಟ್ಟುಕೊಳ್ಳಿ. ಹಾರ್ಮೋನಿಯಂ ಪಕ್ಕ ಕೂತರೆ ಚೆನ್ನ. ಮೈಕಿನ ಪಕ್ಕ ಮಾತ್ರ ಬೇಡ, ಮೂರು ದಿನ ಕಿವಿ ಗುಯ್ ಅನ್ನುತ್ತದೆ.

ಇಷ್ಟೆಲ್ಲ ಯಾಕೆ? ರೈಲು ಹತ್ತಿ ಬೆಂಗಳೂರಿಗೆ ಹೋದರೆ ಆಗುವುದಿಲ್ಲವೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಶಿರಾ ಗೇಟ್

ಹೋಗಪ್ಪ, ಬೇಡ ಅಂದವರು ಯಾರು? ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ನೋಡು, ಜನವರಿಯಲ್ಲಿ ಅವರ ಚಿತ್ರಸಂತೆಗೂ ಹೋಗು. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರ ರಜೆ, ನೆನಪಿರಲಿ. ಆದರೆ ಅಲ್ಲಿ ಚಿತ್ರ ಬರೆದವರು ನಿನಗೆ ಟೀ ತರಿಸಿ ಕೊಡುವುದಿಲ್ಲ.

ಮೊಮ್ಮಗಳಿಗೆ ಮಣ್ಣಿನಲ್ಲಿ ಗೊಂಬೆ ಮಾಡುವ ಹುಚ್ಚು. ಅವಳಿಗೆ ತೋರಿಸುವಂಥದ್ದು ಹತ್ತಿರದಲ್ಲಿ ಏನಾದರೂ ಇದೆಯೇ?
– ನಿವೃತ್ತ ಪೋಸ್ಟ್ ಮಾಸ್ಟರ್, ಚಿಕ್ಕಪೇಟೆ

ಗೂಳೂರಿಗೆ ಕರೆದುಕೊಂಡು ಹೋಗಿ ಸಾರ್. ಗೂಳೂರು ಗಣಪತಿ ನಿಮಗೆ ಗೊತ್ತಿರುತ್ತದೆ, ಆದರೆ ನಾವೆಲ್ಲ ಹೋಗುವುದು ಪೂಜೆ ಶುರುವಾದ ಮೇಲೆ. ಬೇರೆ ಕಡೆ ಚೌತಿಗೆ ಗಣೇಶ ಕೂರುತ್ತಾನೆ. ಅಲ್ಲಿ ಚೌತಿಗೆ ಮಣ್ಣಿನ ಕೆಲಸ ಶುರು, ಬಲಿಪಾಡ್ಯಮಿಗೆ ಪೂಜೆ ಶುರು. ಹಾಗಾಗಿ ಆ ನಡುವಿನ ದಿನಗಳಲ್ಲಿ ಹೋಗಬೇಕು. ನಾನು ಒಂದು ವರ್ಷ ಹೋದಾಗ ಹೊಟ್ಟೆ ಆಗಿತ್ತು, ಸೊಂಡಿಲು ಇನ್ನೂ ಆಗಿರಲಿಲ್ಲ. ಹಸಿ ಮಣ್ಣಿನ ಮೇಲೆ ಅಂಗೈ ಒತ್ತಿದ ಗುರುತು ಹಾಗೇ ಕಾಣುತ್ತಿತ್ತು. ಬಣ್ಣ ಬಿದ್ದ ಮೇಲೆ ಅದು ಕಾಣುವುದಿಲ್ಲ.

ಬರುವಾಗ ಹತ್ತಿರದ ಕೈದಾಳದ ಚನ್ನಕೇಶವನನ್ನೂ ನೋಡಿ. ಜಕಣಾಚಾರಿಯ ಊರು ಅದೇ ಎಂದು ಜನ ಹೇಳುತ್ತಾರೆ. ಮಗುವಿಗೆ ಕಪ್ಪೆಯ ಕಥೆ ದಾರಿಯಲ್ಲೇ ಹೇಳಿ ಮುಗಿಸಿಬಿಡಿ. ಗುಡಿಯೊಳಗೆ ಹೋದ ಮೇಲೆ ಅವಳು ಕಥೆ ಕೇಳುವುದಿಲ್ಲ, ವಿಗ್ರಹದ ಬೆರಳು ಎಣಿಸುತ್ತಾಳೆ.