ಚುಕ್ಕೆ ಬಿಡಿ, ರೆಕ್ಕೆಯ ಬುಡ ನೋಡಿ

ನಮಸ್ಕಾರ.

ಏಷ್ಯನ್ ಲಾಂಗ್‌ಹಾರ್ನ್ ಮತ್ತು ಸಿಟ್ರಸ್ ಲಾಂಗ್‌ಹಾರ್ನ್ ಎಂಬ ಉದ್ದ ಮೀಸೆಯ ಜೀರುಂಡೆಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ ಅಂತ ನೀವು ಬರೆದ ಲೇಖನ ತಲುಪಿತು. ಭಾಷೆ ಚೆನ್ನಾಗಿದೆ. ಮರಿಹುಳು ಮರ ಕೊರೆಯುವ ಭಾಗ ಓದಿಸಿಕೊಂಡು ಹೋಗುತ್ತದೆ. ಆದರೆ ನಿಮ್ಮ ಲೇಖನ ಕೈಯಲ್ಲಿ ಹಿಡಿದು, ಆ ಎರಡು ಜೀರುಂಡೆಗಳನ್ನು ಮುಂದೆ ಇಟ್ಟುಕೊಂಡರೆ, ಯಾವುದು ಯಾವುದೆಂದು ಯಾರಿಗೂ ಹೇಳಲು ಆಗುವುದಿಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೇ. ‘ಗುರುತಿಸುವುದು ಹೇಗೆ’ ಎಂದು ತಲೆಬರಹ ಕೊಟ್ಟ ಮೇಲೆ ಗುರುತಿಸಲು ಕಲಿಸಬೇಕು, ಅಲ್ವಾ?

ನಿಮ್ಮ ಎರಡನೇ ಪ್ಯಾರಾದ ಮೊದಲ ಸಾಲು: ‘ಏಷ್ಯನ್ ಜೀರುಂಡೆಯ ಕಪ್ಪು ಬೆನ್ನಿನ ಮೇಲೆ ಇಪ್ಪತ್ತು ಬಿಳಿ ಚುಕ್ಕೆಗಳು ನಕ್ಷತ್ರಗಳಂತೆ ಹೊಳೆಯುತ್ತವೆ.’ ಸರಿ, ಹೊಳೆಯಲಿ. ಸಿಟ್ರಸ್ ಜೀರುಂಡೆಯ ಬೆನ್ನೂ ಕಪ್ಪೇ, ಅದರ ಮೇಲೂ ಬಿಳಿ ಚುಕ್ಕೆಗಳಿವೆ. ಅದನ್ನು ನೀವು ಹೇಳಲೇ ಇಲ್ಲ. ಇನ್ನು ಇಪ್ಪತ್ತು ಎಂಬ ಲೆಕ್ಕ. ಒಂದೇ ಪ್ರಭೇದದಲ್ಲಿ ಒಂದು ಜೀರುಂಡೆಗೆ ಚುಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಆ ಚುಕ್ಕೆ ಅನ್ನುವುದು ಬಣ್ಣ ಬಳಿದದ್ದಲ್ಲ, ಒತ್ತಾಗಿ ಕೂತ ಸಣ್ಣ ರೋಮ. ಹಳೆಯ ಜೀರುಂಡೆಯಲ್ಲಿ ಉಜ್ಜಿಹೋಗಿರುತ್ತದೆ. ಏಷ್ಯನ್ ಜೀರುಂಡೆಯಲ್ಲಿ ಹಳದಿ ಚುಕ್ಕೆಯವೂ ಇವೆ. ಅವನ್ನು ಬಹಳ ಕಾಲ ನೋಬಿಲಿಸ್ ಎಂಬ ಬೇರೆ ಪ್ರಭೇದವೆಂದೇ ಲೆಕ್ಕಹಾಕಿದ್ದರು. 2002ರಲ್ಲಿ ಈ ಎರಡೂ ಜೀರುಂಡೆಗಳು ಸೇರುವ ಅನೊಪ್ಲೊಫೊರಾ ಕುಲವನ್ನು ಪೂರ್ತಿ ಪರಿಶೀಲಿಸಿದಾಗ ಅದನ್ನು ಗ್ಲಾಬ್ರಿಪೆನಿಸ್‌ಗೇ ಸೇರಿಸಿದರು, ಅಂದರೆ ನಿಮ್ಮ ಏಷ್ಯನ್ ಜೀರುಂಡೆಗೆ. ಚುಕ್ಕೆಯ ಬಣ್ಣ ನಂಬಿ ಹೊರಟರೆ ಹೀಗೆ ಇಲ್ಲದ ಪ್ರಭೇದವೂ ಹುಟ್ಟುತ್ತದೆ.

ಮುಂದಿನ ಸಾಲು: ‘ಸಿಟ್ರಸ್ ಜೀರುಂಡೆ ಕೊಂಚ ದಪ್ಪ, ಮೀಸೆ ಇನ್ನೂ ಉದ್ದ.’ ಕೊಂಚ ಅಂದರೆ ಎಷ್ಟು? ಎರಡೂ ಹೆಚ್ಚುಕಡಿಮೆ 20ರಿಂದ 35 ಮಿಲಿಮೀಟರ್ ಉದ್ದ ಇರುತ್ತವೆ. ಮರದೊಳಗೆ ಮರಿಹುಳುವಿಗೆ ಮೇವು ಚೆನ್ನಾಗಿ ಸಿಕ್ಕಿದ್ದರೆ ದೊಡ್ಡದು, ಸಿಗದಿದ್ದರೆ ಸಣ್ಣದು. ಮೀಸೆಯ ಉದ್ದ ಹೇಳುವುದು ಗಂಡೋ ಹೆಣ್ಣೋ ಎಂಬುದನ್ನು. ಗಂಡಿನ ಮೀಸೆ ಮೈಯ ಸುಮಾರು ಎರಡರಷ್ಟು, ಹೆಣ್ಣಿನದು ಮೈಗಿಂತ ಸ್ವಲ್ಪ ಉದ್ದ. ಒಂದು ಪ್ರಭೇದದ ಗಂಡನ್ನೂ ಇನ್ನೊಂದರ ಹೆಣ್ಣನ್ನೂ ಪಕ್ಕದಲ್ಲಿಟ್ಟು ಈ ಸಾಲು ಬರೆದಿರಿ ಅಂತ ನನ್ನ ಗುಮಾನಿ. ನೀವು ಕಳಿಸಿದ ಫೋಟೊದಲ್ಲೂ ಹಾಗೇ ಕಾಣುತ್ತದೆ.

ಆಮೇಲೆ ಬರುತ್ತದೆ, ನನ್ನನ್ನು ನಿಜಕ್ಕೂ ಕೆಣಕಿದ ಸಾಲು: ‘ಹತ್ತಿರದಿಂದ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.’ ಎಲ್ಲಿ ಎದ್ದು ಕಾಣುತ್ತದೆ? ಮೈಯ ಯಾವ ಭಾಗದಲ್ಲಿ? ಮೇಲಿನ ಗಟ್ಟಿ ರೆಕ್ಕೆಗಳು ಎದೆಗೆ ಕೂಡುವ ಕಡೆ, ಅಂದರೆ ರೆಕ್ಕೆಯ ಬುಡದಲ್ಲಿ, ಸಿಟ್ರಸ್ ಜೀರುಂಡೆಗೆ ಸಣ್ಣ ಸಣ್ಣ ಗುಬುಟುಗಳಿವೆ. ಏಷ್ಯನ್ ಜೀರುಂಡೆಗೆ ಅದೇ ಜಾಗ ನುಣುಪು. ಇಡೀ ಲೇಖನಕ್ಕೆ ಬೇಕಾಗಿದ್ದು ಈ ಎರಡು ವಾಕ್ಯ. ನಿಮಗೆ ಇದು ಗೊತ್ತು! ಕೊನೆಯ ಫೋಟೊದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ನಕ್ಷತ್ರಕ್ಕೆ ಇಡೀ ಪ್ಯಾರಾ, ಗುಬುಟಿಗೆ ಚಿತ್ರದ ಅಡಿಬರಹವೇ?

ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ಸಂಪಾದಕರ ಕೈಕೆಳಗೆ. ಅವರು ಬಾಯಿಬಿಟ್ಟು ಬೈದವರಲ್ಲ. ಒಂದೇ ಕುಲದ ಎರಡು ಕೀಟಗಳನ್ನು ಸೂಜಿಯಲ್ಲಿ ಚುಚ್ಚಿ, ಹೆಸರಿನ ಚೀಟಿ ತೆಗೆದು, ಮೇಜಿನ ಮೇಲೆ ಇಡುತ್ತಿದ್ದರು. ನಾನು ಬರೆದ ವಿವರಣೆಯನ್ನು ಕರಡು ತಿದ್ದುವವರ ಕೈಗೆ ಕೊಡುತ್ತಿದ್ದರು. ಆ ಮಹಾನುಭಾವರಿಗೆ ಕೀಟ ಅಂದರೆ ಅಸಹ್ಯ. ಅವರು ನನ್ನ ಬರಹ ಓದಿ ಸರಿಯಾದ ಕೀಟದ ಮುಂದೆ ಸರಿಯಾದ ಚೀಟಿ ಇಟ್ಟರೆ ಬರಹ ಅಚ್ಚಿಗೆ. ಇಲ್ಲದಿದ್ದರೆ ಒಂದು ಮಾತೂ ಇಲ್ಲದೆ ನನ್ನ ಮೇಜಿಗೆ ವಾಪಸ್. ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಂದರ, ಆಕರ್ಷಕ, ವಿಶಿಷ್ಟ ಮುಂತಾದ ಪದಗಳು ತಾವಾಗಿಯೇ ಉದುರಿಹೋದದ್ದು ಆ ಮೇಜಿನ ಮೇಲೆ. ಆ ಪದ ಓದಿ ಯಾರೂ ಚೀಟಿ ಇಡಲಾರರು. ಇನ್ನೂ ಒಂದು ಅಭ್ಯಾಸ ಅಲ್ಲೇ ಆಯಿತು. ಒಂದರ ಕಾಲಿನ ಬಗ್ಗೆ ಬರೆದರೆ ಇನ್ನೊಂದರ ಕಾಲಿನ ಬಗ್ಗೆ ಬರೆಯದೆ ಮುಂದೆ ಹೋಗಬಾರದು. ನಿಮ್ಮ ಲೇಖನದಲ್ಲಿ ಒಂದರ ಬೆನ್ನಿದೆ, ಇನ್ನೊಂದರ ಮೀಸೆಯಿದೆ. ಹೋಲಿಸುವುದು ಏನನ್ನು?

ಇದು ಬರೀ ಸಂಪಾದಕನ ಹಟ ಅಂತ ಸುಮ್ನೆ ತಳ್ಳಿಹಾಕಬೇಡಿ. ಏಷ್ಯನ್ ಜೀರುಂಡೆ ಮೊಟ್ಟೆ ಇಡುವುದು ಹೆಚ್ಚಾಗಿ ಕಾಂಡದ ಮೇಲ್ಭಾಗದಲ್ಲಿ, ದಪ್ಪ ಕೊಂಬೆಗಳಲ್ಲಿ. ಸಿಟ್ರಸ್ ಜೀರುಂಡೆಗೆ ಕಾಂಡದ ಬುಡ ಮತ್ತು ಹೊರಗೆ ಕಾಣುವ ಬೇರು ಬೇಕು. ಇಟಲಿಯ ಲೊಂಬಾರ್ಡಿಯಲ್ಲಿ ಈ ಎರಡೂ ಸಿಕ್ಕಿವೆ. ಅಲ್ಲಿ ಯಾರೋ ಹೆಸರು ತಪ್ಪಿ ಹೇಳಿದರೆ ಮರ ಹಾಳುಮಾಡುವ ಈ ಕೀಟ ಹುಡುಕುವ ತಪಾಸಣೆಯವರು ಕೊಂಬೆ ನೋಡುತ್ತಾ ನಿಲ್ಲುತ್ತಾರೆ, ಜೀರುಂಡೆ ಬೇರಿನ ಹತ್ತಿರ ತೂತು ಕೊರೆದು ಹೊರಗೆ ಹೋಗಿರುತ್ತದೆ.

‘ಅನುಭವ ಇದ್ದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ’ ಎಂಬ ಮಾತನ್ನೂ ತೆಗೆಯಿರಿ. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಯುರೋಪಿನಿಂದ ಬಂದ ಟೆಟ್ರೋಪಿಯಮ್ ಫಸ್ಕಮ್ ಎಂಬ ಲಾಂಗ್‌ಹಾರ್ನ್ ಸ್ಪ್ರೂಸ್ ಮರಗಳಲ್ಲಿ ಸೇರಿಕೊಂಡದ್ದು ಗೊತ್ತಾಗಿದ್ದು 1999ರಲ್ಲಿ. ಆಮೇಲೆ ಹಳೆಯ ಸಂಗ್ರಹ ತೆರೆದು ನೋಡಿದರೆ 1990ರಲ್ಲಿ ಹಿಡಿದ ಅದೇ ಜೀರುಂಡೆ ಅಲ್ಲೇ ಕೂತಿತ್ತು. ಅದನ್ನು ಅಲ್ಲಿನದೇ ಆದ ಟೆಟ್ರೋಪಿಯಮ್ ಸಿನ್ನಮಾಪ್ಟೆರಮ್ ಎಂದು ಗುರುತಿಸಿ ಇಟ್ಟಿದ್ದರು. ಗುರುತಿಸಿದವರು ಹೊಸಬರೇನೂ ಅಲ್ಲ. ಎರಡೂ ಕಂದು, ಎರಡೂ ಸ್ಪ್ರೂಸ್ ಮರದವು, ಅಷ್ಟೇ.

ಲೇಖನದ ಉಳಿದ ಭಾಗದ ಬಗ್ಗೆ ನನ್ನ ತಕರಾರಿಲ್ಲ. ತಿದ್ದಿ ಕಳಿಸುವಾಗ ಆ ಅಡಿಬರಹವನ್ನು ಎರಡನೇ ಪ್ಯಾರಾಕ್ಕೆ ತನ್ನಿ. ಚಿತ್ರ ಹೊಸದಾಗಿ ತೆಗೆಯಬೇಕು. ನೇರ ಮೇಲಿನಿಂದ ಫ್ಲ್ಯಾಶ್ ಹಾಕಿದರೆ ಗುಬುಟು ಕಾಣುವುದೇ ಇಲ್ಲ, ಬೆಳಕು ಪಕ್ಕದಿಂದ ಓರೆಯಾಗಿ ಬರಲಿ. ಎರಡು ಜೀರುಂಡೆಗಳೂ ಒಂದೇ ಚಿತ್ರದಲ್ಲಿರಲಿ, ಎರಡೂ ಗಂಡಾಗಿರಲಿ ಇಲ್ಲವೇ ಎರಡೂ ಹೆಣ್ಣಾಗಿರಲಿ, ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇಡಿ. ಕಳಿಸುವ ಮೊದಲು ಕೀಟ ಕಂಡರೆ ಆಗದ ಒಬ್ಬರ ಕೈಗೆ ಒಮ್ಮೆ ಓದಲು ಕೊಡಿ.