ಕಾಡ್ಗಿಚ್ಚಿಗೆ ತೋಟ ಸುಟ್ಟ ಮನೆಗಳಿಗೆ ದುಡ್ಡು ಕೊಡೋದಾ, ಸಾಮಾನು ಕೊಡೋದಾ?

ಊರಲ್ಲಿ ನಾಲ್ಕು ಮನೆಯವರ ತೋಟ, ಕೊಟ್ಟಿಗೆ ಸುಟ್ಟಿವೆ. ಬೆಂಗಳೂರಲ್ಲಿರೋ ಹುಡುಗರೆಲ್ಲ ಸೇರಿ ದುಡ್ಡು ಎತ್ತಿದ್ದೀರಿ. ಯುಗಾದಿ ರಜೆಗೆ ಹೋಗಿ ಶ್ರಮದಾನ ಮಾಡಿ, ಸಮನಾಗಿ ಹಂಚಿ ಬರೋಣ ಅಂತಿದ್ದೀರಿ. ಅಯ್ಯೋ, ಇದು ಥೇಟ್ ನಮ್ಮ ಕಥೆ.

ಹೊಸನಗರದ ಕಡೆ ನಮ್ಮೂರು. ಮಾರ್ಚ್‌ನಲ್ಲಿ ಬೆಟ್ಟಕ್ಕೆ ಬಿದ್ದ ಬೆಂಕಿ ಗಾಳಿ ತಿರುಗಿ ದೊಡ್ಡಪ್ಪನ ತೋಟಕ್ಕೆ ಇಳಿಯಿತು. ಅಡಿಕೆ ತೋಟ ತಂಪು ಜಾಗ, ಅಲ್ಲೇನು ಉರಿಯುತ್ತೆ ಅಂತ ಕೇಳೋರಿದ್ದಾರೆ. ಆ ವರ್ಷ ಹಳ್ಳ ಬತ್ತಿತ್ತು. ಮರದ ಬುಡಕ್ಕೆಲ್ಲ ದರಗು (ಉದುರಿದ ಒಣ ಎಲೆ), ಒಣ ಸೋಗೆ (ಅಡಿಕೆ ಗರಿ) ಮುಚ್ಚಿದ್ದರು. ಬೆಂಕಿ ಅದನ್ನೇ ಹಿಡಿದು, ಒಣಗಿದ ಮೆಣಸಿನ ಬಳ್ಳಿಯ ಮೇಲೆ ಹತ್ತಿತು. ಹುಲ್ಲಿನ ಬಣವೆ ಹೋಯಿತು, ನೀರಿನ ಪೈಪು ಕರಗಿ ನೆಲಕ್ಕೆ ಅಂಟಿತ್ತು, ಕೊಟ್ಟಿಗೆಯಲ್ಲಿ ಕಟ್ಟಿದ್ದ ಎರಡು ಹಸು ಸತ್ತವು.

ನಾವು ಹುಡುಗರು ಬೆಂಗಳೂರಿನಿಂದ ಗಾಡಿ ಮಾಡಿಕೊಂಡು ಬಂದೆವು. ದೊಡ್ಡಮ್ಮ ಅಂಗಳದಲ್ಲಿ ನಿಂತು ತೋಟದ ಕಡೆ ನೋಡ್ತಾ ಅಳೋರು. ಆ ಸುಟ್ಟ ತೋಟ ಅವರ ಕಣ್ಣೆದುರು ಇರಬಾರದು ಅಂತ ನಾವೇ ತೀರ್ಮಾನ ಮಾಡಿಬಿಟ್ಟೆವು. ಮೆಷಿನ್ ಗರಗಸ ತಂದು ಸುಟ್ಟ ಮರಗಳನ್ನೆಲ್ಲ ಉರುಳಿಸಿದೆವು. ಹಸುಗಳನ್ನು ಹೂತೆವು. ಕೊಟ್ಟಿಗೆಯ ತಗಡು, ಕಂಬ ಎಲ್ಲ ಎತ್ತಿ ಹಾಕಿ ಗುಡಿಸಿದ ಹಾಗೆ ಮಾಡಿದೆವು. ಫೋಟೋ ಹೊಡೆದುಕೊಂಡೆವು, ಕೆಲಸ ಮುಗಿದ ಮೇಲಿನದ್ದು!

ಆಮೇಲೆ ಗ್ರಾಮ ಲೆಕ್ಕಿಗರು ಮಹಜರಿಗೆ ಬಂದರು. ಮಹಜರು ಅಂದರೆ ಸುಟ್ಟಿದ್ದನ್ನು ಕಣ್ಣಾರೆ ನೋಡಿ, ಸಾಕ್ಷಿಗಳ ಸಹಿ ಹಾಕಿಸಿ ಬರೆಯೋದು. ನೋಡೋಕೆ ಏನಿತ್ತು? ಬುಡ ಇದ್ದವು. "ಕಡಿದಿರೋದು ನೀವೇ ಅಲ್ವಾ? ಬೆಂಕಿಗೆ ಸತ್ತಿದ್ದು ಅಂತ ಹೇಗೆ ಬರೀಲಿ?" ಅಂದರು. ಅವರು ಹೇಳಿದ್ದೂ ಸರಿ. ಹಸುಗಳದ್ದಂತೂ ಕೇಳಲೇಬೇಡಿ. ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಡಬೇಕಿತ್ತು. ನಾವು ಉಪ್ಪು ಸುರಿದು ಮಣ್ಣು ಮುಚ್ಚಿಯಾಗಿತ್ತು.

ಇದರ ಬೆಲೆ ತಿಳ್ಕೊಳ್ಳಿ. ಸರ್ಕಾರದ ವಿಪತ್ತು ಪರಿಹಾರದ ಪಟ್ಟಿಯಲ್ಲಿ ನೆರೆ, ಬರದ ಜೊತೆ ಬೆಂಕಿಯೂ ಇದೆ. 2022ರಿಂದ 2026ರವರೆಗೆ ನಿಗದಿ ಮಾಡಿದ ದರದಲ್ಲಿ ಕರೆಯೋ ಹಸು ಒಂದಕ್ಕೆ 37,500 ರೂಪಾಯಿ ಇತ್ತು. ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500, ಅದೂ 2 ಹೆಕ್ಟೇರ್‌ವರೆಗೆ, ಶೇ 33 ಅಥವಾ ಅದಕ್ಕಿಂತ ಜಾಸ್ತಿ ನಷ್ಟ ಆಗಿದ್ದರೆ ಮಾತ್ರ. ಎಕರೆಗೆ ಹತ್ತಿರ ಹತ್ತಿರ 9,000 ಆಯಿತು. ಇಷ್ಟರಲ್ಲಿ ತೋಟ ಏಳೋದಿಲ್ಲ, ಗೊತ್ತು. ಆದರೆ ಊರಿನ ಸಹಕಾರಿ ಸೊಸೈಟಿಗೆ ಹೋಗಿ ಬೆಳೆಸಾಲದ ವಾಯಿದೆ ಮುಂದೂಡಿ ಅಂತ ಕೇಳಿದಾಗ ಅವರು ಮೊದಲು ಕೇಳಿದ್ದೂ ಅದೇ ಮಹಜರಿನ ಪ್ರತಿ. ಅಡಿಕೆಗೆ ಹವಾಮಾನ ಆಧಾರಿತ ವಿಮೆ ಇದೆಯಲ್ಲ ಅನ್ನಬೇಡಿ. ಅದು ಮಳೆ, ತೇವಾಂಶದ ಲೆಕ್ಕದ್ದು. ಬೆಂಕಿಗೆ ಅದನ್ನು ನಂಬಿ ಕೂರೋ ಹಾಗಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ನಾವು ಗರಗಸ ಹಿಡಿದು ಹೊರಟಾಗ ಅಡಿಕೆ ಗೊನೆ ಕೊಯ್ಯೋಕೆ ಬರೋ ಹಿರಿಯರೊಬ್ಬರು ತಡೆದಿದ್ದರು. "ಸುಳಿ ನೋಡ್ದೆ ಕಡೀಬೇಡ್ರೋ, ಒಂದು ಮಳೆ ಬೀಳ್ಲಿ, ನೋಡಾಣ" ಅಂದಿದ್ದರು. ನಾವೆಲ್ಲಿ ಕೇಳ್ತೀವಿ! ಸುಳಿ ಅಂದರೆ ಮರದ ತುದಿಯ ಚಿಗುರು, ಅಡಿಕೆ ಮರಕ್ಕೆ ಇರೋದು ಒಂದೇ. ಅದು ಬೆಂದರೆ ಮರ ಹೋಯಿತು. ಸೋಗೆಯೆಲ್ಲ ಸುಟ್ಟು ನೇತಾಡಿದರೂ ಸುಳಿ ಹಸಿರಾಗಿದ್ದರೆ ಹೊಸ ಸೋಗೆ ಬರುತ್ತೆ. ಪಕ್ಕದ ತೋಟದವರಿಗೆ ಆಳು ಸಿಗದೆ ಮರ ಹಾಗೇ ನಿಂತಿದ್ದವು. ಮಳೆ ಹಿಡಿದ ಮೇಲೆ ಆ ಕಪ್ಪು ಮರಗಳ ತುದಿಯಲ್ಲಿ ಈಟಿಯಂಥ ಹಸಿರು ಸುಳಿ ಹೊರಟಿತು. ಎಲ್ಲದರಲ್ಲೂ ಅಲ್ಲ. ಕಾಂಡ ಆಳಕ್ಕೆ ಬೆಂದಿದ್ದವು ಗಾಳಿಗೆ ಮುರಿದವು, ಅಡಿಕೆ ಕಾಂಡಕ್ಕೆ ಆದ ಗಾಯ ಮತ್ತೆ ಕೂಡೋದಿಲ್ಲ. ಆದರೂ ಅವರ ಮನೆಯಲ್ಲಿ ಅಷ್ಟಿಷ್ಟು ಅಡಿಕೆ ಚಪ್ಪರ ಸೇರ್ತಾ ಬಂತು. ದೊಡ್ಡಪ್ಪ ಹೊಸ ಸಸಿ ನೆಟ್ಟು, ಬಿಸಿಲಿಗೆ ಕಮರಬಾರದು ಅಂತ ಬಾಳೆ ಎಬ್ಬಿಸಿ, ಫಸಲಿಗೆ ಐದರಿಂದ ಏಳು ವರ್ಷ ಕಾಯಬೇಕಾಯಿತು. ನಾವು ಕಡಿದದ್ದರಲ್ಲಿ ಎಷ್ಟು ಬದುಕುತ್ತಿತ್ತೋ. ದೊಡ್ಡಪ್ಪ ಇವತ್ತಿಗೂ ಆ ಮಾತು ಎತ್ತೋದಿಲ್ಲ. ಬೈದಿದ್ದರೆ ಒಳ್ಳೇದಿತ್ತು.

ಅದಕ್ಕೇ ಹೇಳ್ತೀನಿ, ದುಡ್ಡೋ ಸಾಮಾನೋ ಅನ್ನೋ ಪ್ರಶ್ನೆಯೇ ಬೇಡ. ಯುಗಾದಿಗೆ ಹೋದಾಗ ಏನನ್ನೂ ಮುಟ್ಟಬೇಡಿ. ಫೋನ್‌ನಲ್ಲಿ ಫೋಟೋ ತೆಗೀರಿ, ಮರ ಎಣಿಸಿ. ಮಹಜರು ಆಗಿಲ್ಲದಿದ್ದರೆ ಮನೆಯವರ ಜೊತೆ ತಾಲ್ಲೂಕು ಕಚೇರಿಗೆ ಓಡಾಡಿ. ಆ ಸಮಯದಲ್ಲಿ ಅವರಿಗೆ ಅರ್ಜಿ ಬರೆಯೋ ಕೈಯೂ ಇರೋದಿಲ್ಲ. ಈಗಲೇ ಕೊಡಬೇಕಾದ್ದು ಒಂದೇ, ಒಂದು ಲೋಡು ಒಣಹುಲ್ಲು. ಮಳೆಗಾಲದವರೆಗೆ ಮೇವಿಲ್ಲದಿದ್ದರೆ ಉಳಿದ ಹಸುಗಳನ್ನೂ ಮಾರ್ತಾರೆ. ಹಳೆ ಬಟ್ಟೆ ಮೂಟೆ ಒಯ್ಯಬೇಡಿ ದಯವಿಟ್ಟು.

ಉಳಿದ ದುಡ್ಡನ್ನು ಬ್ಯಾಂಕಿನಲ್ಲಿಡಿ. ಮೊದಲ ವರ್ಷ ಎಲ್ಲರೂ ಬರ್ತಾರೆ, ನೆಂಟರು, ಮಠದವರು, ಪಕ್ಷದವರು. ಎರಡನೇ ವರ್ಷ ಯಾರೂ ಇರೋದಿಲ್ಲ, ಸೊಸೈಟಿ ವಾಯಿದೆ ಮಾತ್ರ ಬರುತ್ತೆ. ಶೂನ್ಯ ಬಡ್ಡಿ ಸಾಲ ಅನ್ನೋದು ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಶೂನ್ಯ. ಆ ತಿಂಗಳು ನಿಮ್ಮ ದುಡ್ಡಿಗೆ ಇರೋ ಬೆಲೆ ಈಗಿಲ್ಲ. ಮುಂದಿನ ಫೆಬ್ರವರಿಯಲ್ಲಿ ಬೆಟ್ಟದಂಚಿಗೆ ಬೆಂಕಿ ಗೆರೆ (ಬೆಂಕಿ ದಾಟದ ಹಾಗೆ ಒಣ ಹುಲ್ಲು, ಎಲೆ ತೆಗೆದ ಪಟ್ಟಿ) ಸವರೋಕೆ ಹೋಗಿ, ಶ್ರಮದಾನ ಮಾಡೋ ಆಸೆ ಅಲ್ಲಿ ತೀರಿಸ್ಕೊಳ್ಳಿ. ನಮ್ಮ ದೊಡ್ಡಮ್ಮ ಈಗಲೂ ಯಾರಾದರೂ ಒಲೆಗೆ ದರಗು ಹಾಕಿದರೆ ಎದ್ದು ಹೊರಗೆ ಬರ್ತಾರೆ. ನಿದ್ದೆ ಬಿಟ್ಟವರು, ಮಾತು ಬಿಟ್ಟವರು ಇದ್ದರೆ 14416ಕ್ಕೆ ಫೋನ್ ಹಚ್ಚಿಕೊಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಸಮನಾಗಿ ಹಂಚೋದನ್ನಂತೂ ನಾನು ಒಪ್ಪೋದಿಲ್ಲ. ನಾಲ್ಕು ಮನೆಯಲ್ಲಿ ಬಗರ್‌ಹುಕುಂ ಜಾಗದಲ್ಲಿ, ಅಂದರೆ ಹಕ್ಕುಪತ್ರ ಇಲ್ಲದ ಸರ್ಕಾರಿ ಜಾಗದಲ್ಲಿ, ತೋಟ ಮಾಡಿದವರು ಯಾರಾದರೂ ಇದ್ದಾರಾ ನೋಡಿ. ಜಮೀನಿನ ದಾಖಲೆಯಾದ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಬೆಳೆ ಪರಿಹಾರ ಸಿಗೋದು ಕಷ್ಟ, ಸೊಸೈಟಿ ಸಾಲವೂ ಹುಟ್ಟೋದಿಲ್ಲ. ಅಂಥ ಮನೆ ಇದ್ದರೆ ಅರ್ಧ ದುಡ್ಡು ಅವರಿಗೇ ಅಂತ ಈಗಲೇ ಬೇರೆ ಎತ್ತಿಡಿ. ಉಳಿದ ಮೂರು ಮನೆಯವರು ಗೊಣಗಿದರೆ ಗೊಣಗಲಿ.